ಶಾಸನ ಓದುವವರ ದಾರಿಖರ್ಚಿಗೂ ಒಂದು ದತ್ತಿ ಇರಲಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟಿದೆ, ಬೈಲುಗದ್ದೆಗಳಲ್ಲಿ ಕೊಯ್ಲು ಮುಗಿಯುತ್ತ ಬಂದಿದೆ. ಕರಾವಳಿಯಲ್ಲಿ ಕಲ್ಲಿನ ಶಾಸನಗಳ ಪಡಿಯಚ್ಚು (ಕಲ್ಲಿನ ಬರಹದ ಮೇಲೆ ಕಾಗದ ಹಾಸಿ ಮಸಿಯಿಂದ ಪಡೆಯುವ ಪ್ರತಿ) ತೆಗೆಯಲು ಸಿಗುವುದು ಡಿಸೆಂಬರಿನಿಂದ ಮೇ ಮಧ್ಯದವರೆಗಿನ ಐದೂವರೆ ತಿಂಗಳು ಮಾತ್ರ. ಕಾಲೇಜುಗಳ ವಾರ್ಷಿಕೋತ್ಸವ, ಊರಿನ ಸಮಾರಂಭಗಳು ನಡೆಯುವುದೂ ಇದೇ ತಿಂಗಳುಗಳಲ್ಲಿ. ತಂದೆತಾಯಿಯ ಹೆಸರಿನಲ್ಲಿ ದತ್ತಿನಿಧಿಯ ಚೆಕ್ ಹಸ್ತಾಂತರಿಸುವ ಚಿತ್ರಗಳು ಪತ್ರಿಕೆಯ ಒಳಪುಟಗಳಲ್ಲಿ ಬರತೊಡಗುತ್ತವೆ. ಆದರೆ ಆ ಚೆಕ್ಕಿನ ಹಣ ಈ ಕಲ್ಲುಗಳ ತನಕ ಬರುವುದು ತೀರ ಅಪರೂಪ. ಅದಕ್ಕಾಗಿ ಈ ಪತ್ರ.

ಕೊಡುವ ಬುದ್ಧಿಯನ್ನು ಮಂಗಳೂರು, ಉಡುಪಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಕೇಳುವುದು ಇಷ್ಟು: ಇತಿಹಾಸ, ಶಾಸನ, ಹಸ್ತಪ್ರತಿ ಓದುವ ವಿದ್ಯಾರ್ಥಿಗಳಿಗೂ ವಿದ್ವಾಂಸರಿಗೂ ಎಂದು ಕೊಡುವ ಹಣ ಪದಕಕ್ಕೂ ಸನ್ಮಾನಕ್ಕೂ ಹೋಗದೆ ಅವರ ಬಸ್ಸಿಗೆ, ಕಾಗದಕ್ಕೆ, ಕುಳಿತು ಓದುವ ತಿಂಗಳುಗಳಿಗೆ ಹೋಗಲಿ. ಇನ್ನೊಂದು ಮಾತು ಕೆಲವರಿಗೆ ಕಸಿವಿಸಿಯಾಗಬಹುದು. ಈ ಹಣವನ್ನು ಆಚಂದ್ರಾರ್ಕ ಇರುವ ಠೇವಣಿಯಾಗಿ ಇಡಬೇಡಿ, ಐದು ವರ್ಷಗಳಲ್ಲಿ ಅಸಲು ಸಮೇತ ಖರ್ಚಾಗಿ ಹೋಗುವ ಹಾಗೆ ಕೊಡಿ.

ಮೊದಲು ಲೆಕ್ಕ ನೋಡೋಣ. 1995ರ ಸುಮಾರಿಗೆ ಬ್ಯಾಂಕಿನ ದೀರ್ಘಾವಧಿ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಇತ್ತು. 25,000 ರೂಪಾಯಿ ಇಟ್ಟರೆ ವರ್ಷಕ್ಕೆ 3,000 ಬರುತ್ತಿತ್ತು. ಹತ್ತು ಗ್ರಾಂ ಚಿನ್ನಕ್ಕೆ ಆಗ ಐದು ಸಾವಿರದೊಳಗಿನ ಬೆಲೆ. ಆದ್ದರಿಂದ ಆ ಬಡ್ಡಿಯಲ್ಲಿ ಆರು ಗ್ರಾಮಿನ ಪದಕವನ್ನೇ ಮಾಡಿಸಬಹುದಿತ್ತು. ಈಗ ಅದೇ 25,000ಕ್ಕೆ ಶೇ 6.5ರಂತೆ 1,625 ರೂಪಾಯಿ ಬರುತ್ತದೆ. 2025ರಲ್ಲಿ ಹತ್ತು ಗ್ರಾಮಿನ ಬೆಲೆ ಒಂದು ಲಕ್ಷ ದಾಟಿದ ಮೇಲೆ ಆ ಬಡ್ಡಿಗೆ ಒಂದು ಗ್ರಾಮಿನ ಆರನೇ ಒಂದು ಪಾಲು ಚಿನ್ನವೂ ಸಿಗುವುದಿಲ್ಲ. ದತ್ತಿ ಇಟ್ಟವರ ತಪ್ಪು ಇದರಲ್ಲಿ ಏನೂ ಇಲ್ಲ. ರೂಪಾಯಿಯಲ್ಲಿ ಬರೆದ ದತ್ತಿ ರೂಪಾಯಿಯ ಜೊತೆಗೇ ಸವೆಯುತ್ತದೆ, ಅಷ್ಟೆ.

ನಮ್ಮ ಊರಿನ ಶಾಸನಗಳನ್ನು ಕೆತ್ತಿಸಿದವರಿಗೆ ಈ ಸಂಗತಿ ಗೊತ್ತಿತ್ತು. ಬಾರಕೂರು, ಮೂಡುಬಿದಿರೆ, ಕಾರ್ಕಳ ಕಡೆಯ ಕಲ್ಲುಗಳಲ್ಲಿ ಬಹುಪಾಲು ದತ್ತಿಪತ್ರಗಳೇ. ನಗದು ಕೊಟ್ಟದ್ದೂ ಉಂಟು. ಆದರೆ ಅನೇಕ ಕಡೆ ಇಂಥ ಗದ್ದೆ, ಮೂಡಲು ಇಂಥದು, ತೆಂಕಲು ಇಂಥದು ಎಂದು ಗಡಿ ಹೇಳಿ, ಅದರಿಂದ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ, ಆ ಅಕ್ಕಿ ನಂದಾದೀಪಕ್ಕೆ ಇಷ್ಟು, ಊಟಕ್ಕೆ ಇಷ್ಟು, ನೋಡಿಕೊಳ್ಳುವವರು ಇಂಥವರು ಎಂದು ಬರೆಸಿದ್ದಾರೆ. ಮುಡಿ ಅಕ್ಕಿ ನೂರು ವರ್ಷ ಕಳೆದರೂ ಮುಡಿ ಅಕ್ಕಿಯೇ. ಕೊನೆಗೆ ಹಲವು ಶಾಸನಗಳಲ್ಲಿ ಈ ಶ್ಲೋಕ ಬರುತ್ತದೆ: ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ’. ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಈ ಎರಡರಲ್ಲಿ ಕಾಪಾಡುವುದೇ ಮೇಲು ಎಂದು ಅದರ ಅರ್ಥ. 1974ರ ಭೂಸುಧಾರಣೆಯ ನಂತರ ಗೇಣಿಯ ಆ ಏರ್ಪಾಡು ಉಳಿದಿಲ್ಲ, ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೂ ಆ ಬರವಣಿಗೆಯ ಕ್ರಮದಿಂದ ಇವತ್ತು ಕಲಿಯುವುದು ಬಹಳ ಇದೆ. ಎಷ್ಟು ರೂಪಾಯಿ ಎನ್ನುವುದಕ್ಕಿಂತ ಯಾವ ಕೆಲಸ, ಎಷ್ಟು ದಿನ, ಯಾರ ಉಸ್ತುವಾರಿ ಎನ್ನುವುದು ದತ್ತಿಯ ಜೀವ.

ಖರ್ಚಾಗಿ ಮುಗಿಯುವ ದತ್ತಿಯೂ ಈ ಊರಿಗೆ ಹೊಸದಲ್ಲ. 1848ರಿಂದ 1853ರ ನಡುವೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಹಣ ಕೊಟ್ಟವರು ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿ. ಆ ಹಣ ಎಲ್ಲಿಯೂ ಠೇವಣಿಯಾಗಿ ಕೂರಲಿಲ್ಲ. ಪ್ರತಿ ಮಾಡಿಸುವುದಕ್ಕೆ, ಅಚ್ಚಿಗೆ ಖರ್ಚಾಯಿತು, ಪುಸ್ತಕಗಳು ಉಳಿದವು. 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ನಿಘಂಟಿನ ಹಿಂದೆಯೂ ಒಬ್ಬ ವಿದ್ವಾಂಸನನ್ನು ವರ್ಷಗಟ್ಟಲೆ ಸಾಕಿದ ಹಣವಿದೆ. ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳು ಬಂದದ್ದೂ ಹೀಗೆಯೇ. ಸಂಪಾದಕರಿಗೂ ಕ್ಷೇತ್ರಕಾರ್ಯಕರ್ತರಿಗೂ ತಿಂಗಳು ತಿಂಗಳು ಸಂಬಳ ಸಿಕ್ಕದೆ ಅಂಥ ಕೆಲಸ ಆಗುವುದಿಲ್ಲ.

ಈಗ ಕೆಲಸದ ವಿಷಯಕ್ಕೆ ಬರೋಣ. ಒಂದು ಶಾಸನದ ಪಡಿಯಚ್ಚಿಗೆ ಏನೇನು ಬೇಕು ಎಂದು ಗೊತ್ತಿಲ್ಲದೆ ಅದಕ್ಕೆ ಹಣ ಕೊಡಿ ಎಂದರೆ ಯಾರಿಗೂ ಮನಸ್ಸು ಬಾರದು.

ಗದ್ದೆಯ ಕಟ್ಟಪುಣಿಯಲ್ಲೋ ದೇವಸ್ಥಾನದ ಹೊರ ಅಂಗಳದಲ್ಲೋ ಇರುವ ಐದಡಿ ಎತ್ತರದ ಕಲ್ಲು ಎಂದಿಟ್ಟುಕೊಳ್ಳಿ. ಬುಡದ ಒಂದಡಿ ಮಣ್ಣಿನಲ್ಲಿ ಹೂತಿರುತ್ತದೆ. ದತ್ತಿ ಕೆಡಿಸಿದವರಿಗೆ ಶಾಪ ಹೇಳುವ ಶಾಪಾಶಯದ ಸಾಲುಗಳು, ಕೆಲವೊಮ್ಮೆ ಬರೆದವನ ಹೆಸರು ಇರುವುದು ಆ ಹೂತ ಭಾಗದಲ್ಲೇ. ಜಾಗದವರ ಒಪ್ಪಿಗೆ ಪಡೆದು ಮಣ್ಣು ಬಿಡಿಸಿ, ಬರೀ ನೀರು ಮತ್ತು ನಾರಿನ ಬ್ರಷ್ಷಿನಿಂದ ಹಾವಸೆ ತೆಗೆಯಬೇಕು. ತಂತಿ ಬ್ರಷ್, ಆ್ಯಸಿಡ್, ಬಟ್ಟೆ ಸೋಪು ಮುಟ್ಟಿಸಬಾರದು. ಒಣಗಿ ಗಟ್ಟಿಯಾದ ಕಲ್ಲುಹೂವನ್ನು ಕೆರೆದರೆ ಅಕ್ಷರದ ಅಂಚೂ ಅದರ ಜೊತೆ ಹೋಗುತ್ತದೆ. ನೀರು ಹಾಕಿ ಅರ್ಧ ಗಂಟೆ ಕಾದು, ಮೆತ್ತಗಾದ ಮೇಲೆ ಉಜ್ಜಬೇಕು. ಆಮೇಲೆ ಅಂಟು ಹಾಕದ ಕೈಕಾಗದವನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ಹೊರಡಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಒಂದೇ ಸಮನೆ ಬಡಿಯಬೇಕು. ಕಾಗದ ಅಕ್ಷರದ ಗುಳಿಗೆ ಇಳಿಯುವುದು ಆಗ. ಅದು ಅರೆ ಒಣಗಿದಾಗ, ಹತ್ತಿ ತುಂಬಿ ಕಟ್ಟಿದ ಬಟ್ಟೆಯ ಗುಂಡಿಗೆ ಮಸಿ ಹಚ್ಚಿ ಮೆಲ್ಲಗೆ ತಟ್ಟುತ್ತ ಹೋಗಬೇಕು. ಉಬ್ಬಿದ ಕಲ್ಲಿನ ಮೈಯೆಲ್ಲ ಕಪ್ಪಾಗಿ, ಗುಳಿಯ ಅಕ್ಷರ ಬಿಳಿಯಾಗಿ ಏಳುತ್ತದೆ.

ಕೆಡುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲಿ. ಕಾಗದದಲ್ಲಿ ನೀರು ಹೆಚ್ಚಿದ್ದರೆ ಮಸಿ ಹರಡಿ ಅಕ್ಷರ ತುಂಬಿಹೋಗುತ್ತದೆ, ಕಲ್ಲಿಗೂ ಕಲೆ ಹಿಡಿಯುತ್ತದೆ. ಪೂರ್ತಿ ಒಣಗಿದರೆ ಕಾಗದ ಗುಳಿಯಿಂದ ಮೇಲೆದ್ದು ಅಕ್ಷರವೇ ಮಾಯ. ನಮ್ಮ ಕಡೆ ಮಧ್ಯಾಹ್ನದ ನಂತರ ಪಡುಗಾಳಿ ಬೀಸತೊಡಗಿದರೆ ಕಾಗದ ಅಂಚಿನಿಂದ ಏಳುತ್ತದೆ. ಆದ್ದರಿಂದ ಬೆಳಿಗ್ಗೆ ಏಳಕ್ಕೆ ಶುರು ಮಾಡಿದವರಿಗೆ ದಿನಕ್ಕೆ ಎರಡು ಕಲ್ಲು ಸಿಕ್ಕರೆ ಹೆಚ್ಚು. ಜನ ಮೂವರು ಬೇಕು. ಒಂದು ಕಲ್ಲಿಗೆ ಎರಡು ಪ್ರತಿ ತೆಗೆಯಬೇಕು, ಒಂದು ಓದುವುದಕ್ಕೆ, ಇನ್ನೊಂದು ಸಂಗ್ರಹಕ್ಕೆ. ಪ್ರತಿಯ ಹಿಂಬದಿಯಲ್ಲಿ ಅಲ್ಲೇ ನಿಂತು ಪೆನ್ಸಿಲಿನಲ್ಲಿ ಊರು, ಜಾಗ, ಕಲ್ಲು ಮುಖ ಮಾಡಿದ ದಿಕ್ಕು, ಅಳತೆ, ತಾರೀಕು ಬರೆಯಬೇಕು. ಮನೆಗೆ ಹೋಗಿ ಬರೆಯುತ್ತೇನೆ ಎಂದು ಸುತ್ತಿಟ್ಟ ಕಾಗದಗಳು ಊರು ತಿಳಿಯದೆ ಅನಾಥವಾಗುತ್ತವೆ.

ಈಗ ಫೋಟೋಗಳಿಂದ ಮೂರು ಆಯಾಮದ ಪ್ರತಿ ಮಾಡುವ ಕ್ರಮವೂ ಬಂದಿದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯೂ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆ ಮಾಡುತ್ತಿದೆ. ಫೋಟೋಗಳ ಕ್ರಮದಲ್ಲಿ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ಕಲ್ಲಿನ ಸುತ್ತ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಸವೆದು ಕಣ್ಣಿಗೆ ಕಾಣದ ಅಕ್ಷರ ಇದರಲ್ಲಿ ಎಷ್ಟೋ ಸಲ ಕಾಣುತ್ತದೆ. ಪಡಿಯಚ್ಚಿಗೆ ಎಡೆಯಿಲ್ಲದಲ್ಲಿ ಚಿತ್ರವೇ ದಾರಿ. ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಪೀಠದ ಮೇಲೆ ಕ್ರಿ.ಶ. 968ರ ಬರಹವಿದೆ, ಅಂಥ ಲೋಹದ ವಿಗ್ರಹದ ಮೇಲೆ ಒದ್ದೆ ಕಾಗದ ಬಡಿಯುವುದು ತರವಲ್ಲ, ಒಳ್ಳೆಯ ಕ್ಯಾಮೆರಾ ಮತ್ತು ಆಡಳಿತದವರ ಒಪ್ಪಿಗೆ ಬೇಕು. ಬೆಳ್ಮಣ್ಣಿನಲ್ಲಿ ಸಿಕ್ಕ ಎಂಟನೇ ಶತಮಾನದ, ಕರಾವಳಿಯನ್ನು ಆಳಿದ ಆಳುಪರ ಕಾಲದ ತಾಮ್ರಪಟ ಕನ್ನಡದ ಅತಿ ಹಳೆಯ ತಾಮ್ರಪಟಗಳಲ್ಲಿ ಒಂದು. ಹಳೆಯ ಮನೆಗಳಲ್ಲಿ ತಾಮ್ರಪಟ ಇರುವವರಿಗೆ ಒಂದು ಮಾತು: ತೋರಿಸುವ ಮೊದಲು ಹೊಳೆಯಲಿ ಎಂದು ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ.

ಅಚ್ಚು ತೆಗೆಯುವುದು ದೈಹಿಕ ಶ್ರಮ. ನಿಜವಾದ ಖರ್ಚು ಓದುವುದರಲ್ಲಿದೆ. ಅವಿಭಜಿತ ದಕ್ಷಿಣ ಕನ್ನಡದ ಅನೇಕ ಶಾಸನಗಳು ಪುರಾತತ್ತ್ವ ಇಲಾಖೆಯ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 7ನೇ ಸಂಪುಟದಲ್ಲಿ ಅಚ್ಚಾಗಿವೆ. ಅಲ್ಲಿ ಇರುವುದು ಮೂಲಪಾಠ ಮಾತ್ರ, ಅನುವಾದ ಇಲ್ಲ. ಅಕ್ಷರ ಹೋದಲ್ಲಿ ಚುಕ್ಕಿಗಳು. ಆ ಚುಕ್ಕಿಗಳ ಜಾಗವನ್ನು ಹೊಸ ಪ್ರತಿ ಹಿಡಿದು ಮತ್ತೆ ನೋಡಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬಂತು ಎಂದು ಬಿಡುವ ಹಾಗೂ ಇಲ್ಲ. ಪುಷ್ಯದ ನಂತರದ ತಿಥಿಯಾದರೆ ಬಹುಮಟ್ಟಿಗೆ 79 ಕೂಡಿಸಬೇಕಾಗುತ್ತದೆ. ಸಂವತ್ಸರ, ತಿಥಿ, ವಾರ ಮೂರೂ ತಾಳೆಯಾಗದಿದ್ದರೆ ಓದಿನಲ್ಲೇ ತಪ್ಪಿದೆಯೋ ಎಂದು ಕಲ್ಲಿನ ಹತ್ತಿರ ಮತ್ತೊಮ್ಮೆ ಹೋಗಬೇಕು. ಆ ಎರಡನೇ ಪ್ರಯಾಣಕ್ಕೆ ಯಾವ ಅನುದಾನದಲ್ಲೂ ದುಡ್ಡು ಉಳಿದಿರುವುದಿಲ್ಲ. ಹಾಗಾಗಿ ತಪ್ಪು ತಾರೀಕು ಪ್ರಬಂಧದಲ್ಲಿ ಹಾಗೇ ಉಳಿಯುತ್ತದೆ, ಮುಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ.

ಇದನ್ನೆಲ್ಲ ಮಾಡಬೇಕಾದ ವಿದ್ಯಾರ್ಥಿಯ ಕೈಯಲ್ಲಿ ಏನಿರುತ್ತದೆ? ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿಯ ಸಂಶೋಧನ ವೇತನವಾದ ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮಾನವಿಕ ವಿಷಯಗಳವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000 ಸಾದಿಲ್ವಾರು (ಇತರ ಖರ್ಚಿನ) ಅನುದಾನ ಇದೆ. ಅದು ಸಿಗುವುದು ಕೆಲವರಿಗೆ. ನೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗದವರಿಗೆ ಯುಜಿಸಿ ಕೊಡುವ ತಿಂಗಳ 8,000 ರೂಪಾಯಿಯ ಯೋಜನೆ ಇರುವುದು ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ; ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಂಥ ರಾಜ್ಯ ವಿಶ್ವವಿದ್ಯಾನಿಲಯಗಳವರಿಗೆ ಅದು ಅನ್ವಯಿಸುವುದಿಲ್ಲ. ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಅರ್ಹರಲ್ಲದ, ಜೆಆರ್‌ಎಫ್ ಇಲ್ಲದ ಹುಡುಗ ಹುಡುಗಿಯರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ರಜೆಯಲ್ಲಿ ಸಂಶೋಧನೆ ಮಾಡುತ್ತಾರೆ. ರಜೆ ಎಂದರೆ ಏಪ್ರಿಲ್ ಕೊನೆ, ಮೇ. ಇನ್ನೇನು ಮಳೆ ಹಿಡಿಯಬೇಕು ಎನ್ನುವಾಗ.

ಅದಕ್ಕಾಗಿಯೇ ಐದು ವರ್ಷದ ಮಾತು ಹೇಳಿದ್ದು. 10 ಲಕ್ಷ ರೂಪಾಯಿಯನ್ನು ಶಾಶ್ವತ ನಿಧಿಯಾಗಿಟ್ಟರೆ ಶೇ 6.5ರಲ್ಲಿ ವರ್ಷಕ್ಕೆ 65,000 ಬರುತ್ತದೆ. ಬೆಲೆಯೇರಿಕೆಗೆಂದು ಅದರಲ್ಲಿ 25,000 ಅಸಲಿಗೆ ಸೇರಿಸಿದರೆ ಖರ್ಚಿಗೆ ಉಳಿಯುವುದು 40,000. ಅದೇ 10 ಲಕ್ಷವನ್ನು ಅಸಲು ಬಡ್ಡಿ ಸೇರಿ ಐದು ವರ್ಷದಲ್ಲಿ ಮುಗಿಸುವುದಾದರೆ ವರ್ಷಕ್ಕೆ ಸುಮಾರು 2,40,000 ಸಿಗುತ್ತದೆ. ಅಂದರೆ ಒಬ್ಬ ಸಂಶೋಧಕಿಗೆ ತಿಂಗಳಿಗೆ 20,000ದಂತೆ ಪೂರಾ ವರ್ಷ. ಐದು ವರ್ಷದಲ್ಲಿ ಐವರು ಒಂದೊಂದು ವರ್ಷ, ಅಥವಾ ಒಬ್ಬರೇ ಪಿಎಚ್.ಡಿ. ಮುಗಿಸುವವರೆಗೆ. ಹೆಸರು ಶಾಶ್ವತವಾಗಿ ಉಳಿಯಬೇಕು ಎಂಬ ಆಸೆ ಸಹಜ. ಪ್ರಕಟವಾದ ಶಾಸನಪಾಠದ ಕೆಳಗೆ ‘ಇಂಥವರ ಸ್ಮರಣಾರ್ಥ ದತ್ತಿಯ ನೆರವಿನಿಂದ’ ಎಂದು ಅಚ್ಚಾದ ಸಾಲು ಯಾವ ಫಲಕಕ್ಕಿಂತಲೂ ಹೆಚ್ಚು ಕಾಲ ಬಾಳುತ್ತದೆ. ಅವಸರಕ್ಕೆ ಇನ್ನೊಂದು ಕಾರಣ ಕಲ್ಲುಗಳ ಅವಸ್ಥೆ. ಜೀರ್ಣೋದ್ಧಾರ, ಬ್ರಹ್ಮಕಲಶದ ಗಡಿಬಿಡಿಯಲ್ಲಿ ಶಾಸನದ ಕಲ್ಲು ಕಿತ್ತು ಬದಿಗಿಡುತ್ತಾರೆ, ಭಕ್ತಿಯಿಂದಲೇ ಆಯಿಲ್ ಪೈಂಟ್ ಬಳಿಯುತ್ತಾರೆ, ಅಕ್ಷರ ಮುಚ್ಚುವಂತೆ ಗೋಡೆಗೆ ಸಿಮೆಂಟ್ ಹಾಕಿ ಕೂರಿಸುತ್ತಾರೆ. ಬಟ್ಟೆ ಒಗೆಯುವ ಕಲ್ಲಾಗಿ, ತೋಡು ದಾಟುವ ಸಂಕವಾಗಿ ಬಿದ್ದವೂ ಇವೆ. ಇಪ್ಪತ್ತು ವರ್ಷದ ಮೇಲಿನ ಬಡ್ಡಿ ಅವಕ್ಕೆ ಉಪಯೋಗಕ್ಕೆ ಬಾರದು.

ಕೊಡುವ ಕ್ರಮದಲ್ಲಿ ಮುಖ್ಯವಾದದ್ದು ಚೆಕ್ಕಲ್ಲ, ಅದರ ಜೊತೆಗಿನ ಪತ್ರ. ಹೆಚ್ಚಿನ ದತ್ತಿಪತ್ರಗಳಲ್ಲಿ ‘ಇತಿಹಾಸದಲ್ಲಿ ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗೆ’ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಇಂಥ ಕಾಲೇಜಿನ ಬಿ.ಎ.ಯಲ್ಲಿ ಇಂಥ ಮೂರು ವಿಷಯಗಳ ಗುಂಪಿನಲ್ಲಿ ಎಂದು ಬರೆದವೂ ಇವೆ. ರಾಜ್ಯದ ಪದವಿ ಪಠ್ಯಕ್ರಮ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾಯಿತು. ಆ ಗುಂಪೇ ಇಲ್ಲವಾದರೆ ದತ್ತಿ ಯಾರಿಗೂ ಸಲ್ಲದೆ ಬಡ್ಡಿ ಸುಮ್ಮನೆ ಬೆಳೆಯುತ್ತದೆ. ಹೀಗೆ ಬರೆದರೆ ಗೊಂದಲವಿಲ್ಲ:

‘ಈ ಹಣವನ್ನು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಹಾಗೂ ಕಾಸರಗೋಡಿನ ಶಾಸನ, ತಾಮ್ರಪಟ, ಹಸ್ತಪ್ರತಿಗಳ ಕ್ಷೇತ್ರಕಾರ್ಯ, ಪ್ರತಿ ತೆಗೆಯುವಿಕೆ ಮತ್ತು ವಾಚನಕ್ಕಾಗಿ ಅಸಲು ಬಡ್ಡಿ ಸಮೇತ 5 ವರ್ಷಗಳಲ್ಲಿ ವಿನಿಯೋಗಿಸತಕ್ಕದ್ದು. ಸಮಾರಂಭ, ಪದಕ, ಸನ್ಮಾನ, ಸ್ಮರಣಿಕೆ, ಕಟ್ಟಡಗಳಿಗೆ ಬಳಸಕೂಡದು. ಮಂಜೂರಾದ ಮೊತ್ತದ ಶೇ 70ನ್ನು ಕೆಲಸಕ್ಕೆ ಹೊರಡುವ ಮೊದಲೇ ಕೊಡತಕ್ಕದ್ದು. ಒಂದು ವರ್ಷ ಅರ್ಹರು ಸಿಗದಿದ್ದರೆ ಆ ವರ್ಷದ ಹಣವನ್ನು ಹಸ್ತಪ್ರತಿಗಳ ಸ್ಕ್ಯಾನಿಂಗ್‌ಗೆ ಬಳಸಬಹುದು. ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಮತ್ತು ಪ್ರತಿ ಮಾಡಿದ ಶಾಸನಗಳ ಪಟ್ಟಿಯನ್ನು ದಾನಿಗೆ ಕಳುಹಿಸತಕ್ಕದ್ದು.’

ಶೇ 70 ಮುಂಗಡ ಎಂಬುದನ್ನು ಬಿಡಬೇಡಿ. ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಮೊದಲು ಖರ್ಚು ಮಾಡಿ ಬಿಲ್ಲು ತನ್ನಿ ಎನ್ನುತ್ತಾರೆ. ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗೆ ಅದು ಇಲ್ಲ ಎಂದ ಹಾಗೆಯೇ. ಬಿಲ್ಲಿನ ವಿಷಯದಲ್ಲೂ ಪತ್ರದಲ್ಲಿ ಒಂದು ಸಾಲು ಇರಲಿ: ಬಸ್ ಟಿಕೆಟು, ಒಳದಾರಿಯ ರಿಕ್ಷಾ, ಮಣ್ಣು ಬಿಡಿಸಲು ಬಂದ ಆಳಿನ ಮಜೂರಿ ಇವಕ್ಕೆ ರಶೀದಿ ಸಿಗುವುದಿಲ್ಲ, ದಿನಕ್ಕೆ ಇಷ್ಟು ಎಂದು ಸ್ವಂತ ಸಹಿಯ ವೋಚರ್ ಒಪ್ಪಬೇಕು. ಆಯ್ಕೆಗೆ ಮೂವರು ಸಾಕು. ಅವರಲ್ಲಿ ಒಬ್ಬರಾದರೂ ಹಳಗನ್ನಡ ಲಿಪಿ ಓದಬಲ್ಲವರಾಗಿರಬೇಕು, ದಾನಿಯ ಕುಟುಂಬದವರು ಒಬ್ಬರಿಗಿಂತ ಹೆಚ್ಚು ಇರಬಾರದು. ಜೆಆರ್‌ಎಫ್ ಪಡೆಯುವವರು ಇನ್ನೊಂದು ಫೆಲೋಶಿಪ್ ಪಡೆಯುವಂತಿಲ್ಲ. ಅವರಿಗೂ ನೆರವಾಗಬೇಕಾದರೆ ‘ಕ್ಷೇತ್ರಕಾರ್ಯದ ವೆಚ್ಚ’ ಎಂದೇ ಬರೆಯಿರಿ. ಓದುತ್ತಿರುವವರಿಗೆ ವ್ಯಾಸಂಗದ ವೆಚ್ಚಕ್ಕೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ ಪಡೆದವರ ಕೈಯಲ್ಲಿ ಆದಾಯ ತೆರಿಗೆ ಇಲ್ಲ.

ತೆರಿಗೆಯ ಬಗ್ಗೆ ಚುಟುಕಾಗಿ. 1961ರ ಕಾಯ್ದೆಯ 80ಜಿ ಅಡಿ ನೋಂದಾಯಿತ ಟ್ರಸ್ಟಿಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ, ಅದೂ ಆದಾಯದ ಶೇ 10ರ ಮಿತಿಯೊಳಗೆ, ವಿನಾಯಿತಿ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ಆ ಕಾಯ್ದೆಯಂತೆ ಟ್ರಸ್ಟು ಮೇ 31ರೊಳಗೆ 10ಬಿಡಿ ಎಂಬ ದಾನಗಳ ವಿವರಪಟ್ಟಿ ಸಲ್ಲಿಸಿ ನಿಮಗೆ 10ಬಿಇ ಎಂಬ ದಾನದ ಪ್ರಮಾಣಪತ್ರ ಕೊಡಬೇಕು. ಬರೀ ರಶೀದಿ ಪುಸ್ತಕದ ಹಾಳೆ ಸಾಲದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್, ನಮೂನೆಗಳ ಸಂಖ್ಯೆಗಳು ಬೇರೆ, ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ. ‘ಕಾರ್ಪಸ್’ ಎಂಬ ಪದವನ್ನು ಪತ್ರದಲ್ಲಿ ಬರೆದರೆ ಆ ಹಣವನ್ನು ಮೂಲನಿಧಿಯಾಗಿ ಹೂಡಿಡಬೇಕಾಗುತ್ತದೆ. ಖರ್ಚಾಗಬೇಕಾದ ಹಣಕ್ಕೆ ಆ ಪದ ಬಳಸಬೇಡಿ. ಹಾಗೆಂದು ಪೂರ್ತಿ ಹಣ ಒಮ್ಮೆಗೇ ಟ್ರಸ್ಟಿನ ಆದಾಯವಾದರೆ ಅದರ ಶೇ 85ನ್ನು ಅದೇ ವರ್ಷ ವಿನಿಯೋಗಿಸಬೇಕು ಎಂಬ ನಿಯಮ ಅಡ್ಡ ಬರುತ್ತದೆ. ಉದ್ದೇಶ ತಿಳಿಸಿ ಅರ್ಜಿ ಸಲ್ಲಿಸಿದರೆ ಐದು ವರ್ಷದವರೆಗೆ ಉಳಿಸಿಕೊಳ್ಳಬಹುದು. ಅದಕ್ಕಿಂತ ಸುಲಭ, ವರ್ಷಕ್ಕೊಂದು ಕಂತಿನಂತೆ ಐದು ಕಂತು ಕೊಡುವುದು. ದಾನಿಗಳು ವಯಸ್ಸಾದವರಾದರೆ ಉಳಿದ ಕಂತುಗಳನ್ನು ಉಯಿಲಿನಲ್ಲಿ ಸೇರಿಸಿಡುವುದು ಒಳ್ಳೆಯದು.

ದುಬೈ, ಮಸ್ಕತ್, ಕುವೈಟಿನಲ್ಲಿ ದುಡಿಯುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇರುವವರೆಗೆ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕ, ಕೆನಡಾ ಪೌರತ್ವ ಪಡೆದವರು ಹಾಗಲ್ಲ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಮಂಗಳೂರಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ಪಡೆಯುವ ಸಂಸ್ಥೆಗೆ ವಿದೇಶಿ ವಂತಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಮತ್ತು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆ ಬೇಕು. ಒಳ್ಳೆಯ ಮನಸ್ಸಿನಿಂದ ಕಳುಹಿಸಿದ ಹಣ ಸಣ್ಣ ಸಂಸ್ಥೆಗೆ ಸಂಕಟ ತಂದಿಡುವುದು ಇಲ್ಲೇ.

ಹಳೆಯ ದತ್ತಿಗಳ ಬಗ್ಗೆಯೂ ಒಮ್ಮೆ ವಿಚಾರಿಸಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲೆ ಕಾಲೇಜುಗಳ ಹಲವು ಠೇವಣಿಗಳು ಇದ್ದದ್ದು ಇಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ. 2019ರ ಏಪ್ರಿಲ್‌ನಲ್ಲಿ ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ಹೆಸರಿನ ಠೇವಣಿ ರಶೀದಿ ಕಪಾಟಿನ ಕಡತದಲ್ಲೇ ಉಳಿದು, ಮುಖ್ಯೋಪಾಧ್ಯಾಯರು, ಕಾರ್ಯದರ್ಶಿಗಳು ಬದಲಾಗಿ ನವೀಕರಣ ತಪ್ಪಿದರೆ ಬಡ್ಡಿ ಉಳಿತಾಯ ಖಾತೆಯ ಮಟ್ಟಕ್ಕೆ ಇಳಿಯುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹೋದದ್ದು ಕಳೆದುಹೋಗಿಲ್ಲ, ಅರ್ಜಿ ಕೊಟ್ಟರೆ ಮರಳಿ ಬರುತ್ತದೆ. ರಿಸರ್ವ್ ಬ್ಯಾಂಕ್ 2023ರಲ್ಲಿ ತೆರೆದ ‘ಉದ್ಗಮ್’ ಪೋರ್ಟಲಿನಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಬಹುದು. ಪ್ರತಿ ಸಂಸ್ಥೆಯೂ ಈ ಜನವರಿಯಲ್ಲಿ ಒಂದು ದಿನ ಕುಳಿತು ತನ್ನ ದತ್ತಿಗಳ ಪಟ್ಟಿ ಮಾಡಲಿ: ಇಟ್ಟವರು, ವರ್ಷ, ಮೊತ್ತ, ಈಗಿನ ಬ್ಯಾಂಕು, ಮುಕ್ತಾಯದ ತಾರೀಕು. ಎರಡು ಮೂರು ಸಾವಿರ ಬಡ್ಡಿ ಬರುವ ಹತ್ತು ದತ್ತಿಗಳಿದ್ದರೆ, ದಾನಿಗಳ ಕುಟುಂಬದವರ ಲಿಖಿತ ಒಪ್ಪಿಗೆ ಪಡೆದು ಒಂದುಗೂಡಿಸಿದರೆ ಒಬ್ಬ ವಿದ್ಯಾರ್ಥಿಯ ಒಂದು ಹಂಗಾಮಿನ ಕ್ಷೇತ್ರಕಾರ್ಯ ಆಗುತ್ತದೆ. ಹತ್ತೂ ಹೆಸರುಗಳನ್ನು ಅಚ್ಚು ಮಾಡಲಿ.

ಲಕ್ಷಗಟ್ಟಲೆ ಕೊಡಲಾರದವರು ಹಿಂಜರಿಯಬೇಕಿಲ್ಲ. ಕಾಗದ, ಮಸಿ, ಬ್ರಷ್ಷುಗಳ ಒಂದು ಹಂಗಾಮಿನ ಸಾಮಾನು ಕೊಡಿಸಬಹುದು. ಹತ್ತಿರದ ಊರಿನಲ್ಲಿ ಕೆಲಸ ನಡೆದಾಗ ಮೂರು ಜನರಿಗೆ ಎರಡು ದಿನ ಊಟ, ಮಲಗಲು ಜಾಗ ಕೊಟ್ಟರೆ ಅದೂ ದತ್ತಿಯೇ. ಶಾಸನದ ಸಂಪುಟಗಳನ್ನು ತಾಲೂಕಿನ ಗ್ರಂಥಾಲಯಕ್ಕೆ ಕೊಡಿಸಿದರೆ ಕೊಣಾಜೆಗೋ ಉಡುಪಿಗೋ ಓಡಾಡುವುದು ಕಡಿಮೆಯಾಗುತ್ತದೆ. ಓಲೆಗರಿ ಇರುವ ಮನೆಯವರು ಕಟ್ಟನ್ನು ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ, ಮನೆಯಲ್ಲೇ ಸ್ಕ್ಯಾನ್ ಮಾಡಲು ಒಂದು ಮೇಜು, ಬೆಳಕು, ಎರಡು ದಿನದ ಸಮಯ ಕೊಟ್ಟರೆ ಸಾಕು. ಗರಿ ಗಡುಸಾಗಿದ್ದರೆ ಬಿಡಿಸಲು ಹೋಗಬೇಡಿ, ಮುರಿಯುತ್ತದೆ; ಬಲ್ಲವರು ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಮೆತ್ತಗೆ ಮಾಡಿ ಬಿಡಿಸುತ್ತಾರೆ. ನಮ್ಮ ಕಡೆಯ ಓಲೆಗಳಲ್ಲಿ ಅನೇಕವು ತಿಗಳಾರಿ ಎಂಬ ಹಳೆಯ ಲಿಪಿಯವು. ವೆಂಕಟರಾಜ ಪುಣಿಂಚತ್ತಾಯರು ಈ ಲಿಪಿಯ ಓಲೆಗಳಿಂದಲೇ ‘ಶ್ರೀ ಭಾಗವತೊ’ ಎಂಬ ಹಳೆಯ ತುಳು ಕಾವ್ಯವನ್ನು ಬೆಳಕಿಗೆ ತಂದರು. 2024ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರಿನಲ್ಲಿ ಬಳಸುವ ಲಿಪಿಗಳ ಜಾಗತಿಕ ಪಟ್ಟಿಯಾದ ಯುನಿಕೋಡಿನ 16ನೇ ಆವೃತ್ತಿಗೆ ತುಳು-ತಿಗಳಾರಿ ಸೇರಿದ್ದರಿಂದ ಈಗ ಓದಿದ್ದನ್ನು ಮೂಲ ಲಿಪಿಯಲ್ಲೇ ಬೆರಳಚ್ಚು ಮಾಡಿ ಉಳಿಸಬಹುದು. ಹಳೆಯ ಓಲೆಗಳನ್ನು ಸರಾಗವಾಗಿ ಓದಬಲ್ಲವರು ಹೆಚ್ಚಿಲ್ಲ. ಅವರ ಹತ್ತಿರ ಇಬ್ಬರು ವಿದ್ಯಾರ್ಥಿಗಳು ಆರು ತಿಂಗಳು ಕುಳಿತು ಕಲಿಯುವಷ್ಟು ಹಣ ಒಂದು ಕುಟುಂಬದ ಕೈಯಿಂದಲೂ ಆಗುವಂಥದು. ಕಲಿಸುವವರಿಗೂ ಗೌರವಧನ ಕೊಡಿ, ಶಾಲಿನ ಜೊತೆಗೆ.

ಕೊನೆಯದಾಗಿ ಪತ್ರಿಕೆಯವರಲ್ಲಿ ಒಂದು ವಿನಂತಿ. ದತ್ತಿನಿಧಿ ಹಸ್ತಾಂತರದ ಚಿತ್ರ ಹಾಕುವ ಜಾಗದಲ್ಲಿ ತಿಂಗಳಿಗೊಂದು ಸಲ ಆ ದತ್ತಿಯಿಂದ ಓದಿದ ಒಂದು ಶಾಸನದ ಚಿತ್ರ, ಅದರ ನಾಲ್ಕು ಸಾಲು ಪಾಠ, ಅರ್ಥ, ಊರಿನ ಹೆಸರು ಹಾಕಿ. ತಮ್ಮ ಮನೆಯ ಹಿಂದಿನ ಕಲ್ಲಿನ ಮೇಲೂ ಬರಹ ಇದೆ ಎಂದು ಓದುಗರು ಬರೆದು ತಿಳಿಸಬಹುದು. ಡಿಸೆಂಬರಿನ ಮೊದಲ ವಾರ ಹೊರಡುವವರಿಗೆ ಕೈಕಾಗದವನ್ನು ನವೆಂಬರಿನಲ್ಲೇ ತರಿಸಿ, ಕಲ್ಲಿನ ಅಳತೆಗೆ ಕತ್ತರಿಸಿ, ತೇವ ತಾಗದಂತೆ ಸುತ್ತಿಡಬೇಕು. ಈ ವರ್ಷ ಕೊಡಬೇಕೆಂದಿರುವವರು ಅಷ್ಟರೊಳಗೆ ತಮ್ಮ ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಕನ್ನಡ ವಿಭಾಗದವರನ್ನು ಮಾತಾಡಿಸಲಿ.

ಇಂತು,
ಇತಿಹಾಸ ಬೋಧನೆ, ಶಾಸನವಾಚನ ಮತ್ತು ಲೆಕ್ಕಪರಿಶೋಧನೆಯಲ್ಲಿ ತೊಡಗಿರುವ ಕೆಲವರು,
ಉಡುಪಿ